ಮನೆ ಬಿಡಬಹುದು, ಮನೆಯವರನ್ನು ಕೈಬಿಡಬಾರದು

ಪ್ರಿಯ ಯೌವನಸ್ಥರೇ, ನಿಮ್ಮಲ್ಲಿ ತುಂಬಾ ಜನ ಊರು ಬಿಟ್ಟು ಬಂದು ಪಿಜಿಯಲ್ಲಿ ಇರೋರು. ಸಂಬಳ ನಿಮ್ಮದು, ತೀರ್ಮಾನವೂ ನಿಮ್ಮದು. ಆದರೂ ಪ್ರಾರ್ಥನೆಗೆ ಬಂದಾಗ ಒಂದು ಪ್ರಶ್ನೆ ಕೇಳ್ತೀರ: "ಬ್ರದರ್, ಅಪ್ಪ ಅಮ್ಮ ಹೇಳಿದ್ದಕ್ಕೆ ಇಲ್ಲ ಅಂದ್ರೆ ಅದು ಪಾಪನಾ?"

ಯೇಸುವಿನ ಜೀವನವನ್ನೇ ನೋಡೋಣ. ಲೂಕ 2ನೇ ಅಧ್ಯಾಯದಲ್ಲಿ ಆತನಿಗೆ 12 ವರ್ಷ. ಹುಡುಕಿ ಬಂದ ತಂದೆತಾಯಿಗೆ ದೇವಾಲಯದಲ್ಲಿ ಸಿಕ್ಕಾಗ, ತಾನು ಮೊದಲು ಪರಲೋಕದ ತಂದೆಗೆ ಸೇರಿದವನು ಅಂತ ಸ್ಪಷ್ಟವಾಗಿ ತೋರಿಸಿದನು. ಆಮೇಲೆ ಏನು ಮಾಡಿದನು ಗೊತ್ತಾ? ಅವರ ಜೊತೆ ನಜರೇತಿಗೆ ಹೋಗಿ ಅವರಿಗೆ ಅಧೀನನಾಗಿದ್ದನು. ಸೇವೆ ಆರಂಭಿಸಿದಾಗ ಆತನಿಗೆ ಸುಮಾರು 30 ವರ್ಷ. ಕರೆ ಇದೆ ಅಂತ ಗೊತ್ತಿದ್ದೂ ಆತನು ಕಾದನು.

ಈಗ ಮಾರ್ಕ 3 ಓದಿ. ಅದೇ ತಾಯಿ ಬಂದು ಹೊರಗೆ ನಿಂತು ಹೇಳಿಕಳುಹಿಸಿದಾಗ, ಆತನು ಬೋಧನೆ ನಿಲ್ಲಿಸಿ ಎದ್ದು ಹೋಗಲಿಲ್ಲ. ದೇವರ ಚಿತ್ತದಂತೆ ನಡೆಯುವವರನ್ನೇ ತನ್ನ ಕುಟುಂಬ ಎಂದು ಎಣಿಸಿದನು. ಹಾಗಾದರೆ ಬೆಳೆದ ಮಗ "ಇಲ್ಲ" ಅನ್ನಬೇಕಾದ ಸಮಯವೂ ಬರುತ್ತೆ. ಎಫೆಸ 6 ಮಕ್ಕಳಿಗೆ ವಿಧೇಯರಾಗಿರಿ ಅಂತ ಹೇಳುತ್ತೆ. ಮಗು ದೊಡ್ಡವನಾದ ಮೇಲೆ ವಿಧೇಯತೆಯ ರೀತಿ ಬದಲಾಗಬಹುದು. ಆದರೆ ಸನ್ಮಾನಿಸು ಅನ್ನುವ ಆಜ್ಞೆಗೆ ವಯಸ್ಸಿನ ಮಿತಿ ಇಲ್ಲ.

ಇಲ್ಲೇ ನಾವು ಎಚ್ಚರವಾಗಿರಬೇಕು. ಮಾರ್ಕ 7ರಲ್ಲಿ ಕೆಲವರು ತಂದೆತಾಯಿಗೆ ಸಲ್ಲಬೇಕಾದದ್ದನ್ನು "ಕೊರ್ಬಾನ್", ಅಂದರೆ ದೇವರಿಗೆ ಮೀಸಲು ಅಂತ ಹೇಳಿ ತಪ್ಪಿಸಿಕೊಳ್ತಿದ್ದರು. ಅದಕ್ಕೆ ದಾರಿ ಮಾಡಿಕೊಟ್ಟ ಧರ್ಮಗುರುಗಳನ್ನು ಯೇಸು ಕಪಟಿಗಳು ಅಂದನು. ನಮ್ಮ ಕೊರ್ಬಾನ್ ಯಾವುದು? "ಮಿನಿಸ್ಟ್ರಿಯಲ್ಲಿ ಬ್ಯುಸಿ" ಅಂತ ಅಮ್ಮನ ಫೋನ್ ಕಟ್ ಮಾಡೋದು. ದಶಮಾಂಶ ತಪ್ಪದೆ ಕೊಟ್ಟು, ಅಪ್ಪನ ಬಿಪಿ ಮಾತ್ರೆಗೆ ಲೆಕ್ಕ ಕೇಳೋದು. ಅಪ್ಪ ಅಮ್ಮ ತೋರಿಸಿದ ಹುಡುಗಿ ಇಷ್ಟವಿಲ್ಲ ಅಂತ ನೇರವಾಗಿ ಹೇಳೋ ಧೈರ್ಯವಿಲ್ಲದೆ, "ದೇವರು ಬೇಡ ಅಂದ್ರು" ಅನ್ನೋದು. ಇದು ಸ್ವಾತಂತ್ರ್ಯ ಅಲ್ಲ, ದೇವರ ಹೆಸರಲ್ಲಿ ಓಡಿಹೋಗೋದು.

ಕೊನೆಗೆ ಶಿಲುಬೆಯನ್ನು ನೋಡಿ. ಲೋಕದ ಪಾಪ ಹೊತ್ತು, ಉಸಿರಾಡೋದೇ ಕಷ್ಟವಾಗಿದ್ದಾಗಲೂ ಯೇಸು ತನ್ನ ತಾಯಿಯನ್ನು ಪ್ರಿಯ ಶಿಷ್ಯನ ಕೈಗೆ ಒಪ್ಪಿಸಿದನು. ತಾಯಿ ಕರೆದಾಗ ಹೋಗದ ಮಗನೇ, ಸಾಯುವಾಗ ತಾಯಿ ಎಲ್ಲಿ ಇರಬೇಕು ಅಂತ ಯೋಚಿಸಿದನು. ಬೆಳೆಯೋದು ಅಂದರೆ ಇದು.

ಆದ್ದರಿಂದ ನಿಮ್ಮ "ಇಲ್ಲ"ವನ್ನು ಪರೀಕ್ಷಿಸಿಕೊಳ್ಳಿ. ಅದು ಭಾರ ಹೊರೋದಕ್ಕೋ, ಭಾರ ಇಳಿಸೋದಕ್ಕೋ? ಹೊರೋದಕ್ಕಾದರೆ ಭಯಪಡಬೇಡಿ, ಗೌರವದಿಂದ ಕೂತು ಹೇಳಿ. ಇಳಿಸೋದಕ್ಕಾದರೆ ಇವತ್ತೇ ಮನೆಗೆ ಫೋನ್ ಮಾಡಿ. ಪವಿತ್ರಾತ್ಮನು ನಮಗೆ ಸಹಾಯ ಮಾಡಲಿ. ಆಮೆನ್.