ಮುಳುಗಿದ ಹಡಗಿನ ಸೊತ್ತು ಯಾರದು?

ಕಾವಲಿಲ್ಲದ ವಸ್ತುವು ಕಂಡವನದೇ ಎಂದು ಅನೇಕರು ಎಣಿಸುತ್ತಾರೆ. ದಾರಿಯಲ್ಲಿ ಸಿಕ್ಕಿದ ಹಣದ ಗಂಟಿನ ವಿಷಯದಲ್ಲಿ ಹೀಗೆ ಹೇಳಲು ನಾಚುವವರೂ ಸಮುದ್ರದ ತಳದಲ್ಲಿ ಬಿದ್ದಿರುವದರ ವಿಷಯದಲ್ಲಿ ನಾಚುವದಿಲ್ಲ. ಇದು ನ್ಯಾಯವೋ ಎಂದು ಒಂದು ಹಡಗನ್ನು ಮುಂದಿಟ್ಟುಕೊಂಡು ವಿಚಾರಿಸೋಣ.

ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳ ನಡುವೆ ಸ್ಕಾಪಾ ಫ್ಲೋ ಎಂಬ ವಿಸ್ತಾರವಾದ ಸಮುದ್ರಭಾಗವುಂಟು. ಅದರ ದಕ್ಷಿಣ ಬಾಗಲಿನ ಬಳಿಯಲ್ಲಿ ಜೇಮ್ಸ್ ಬ್ಯಾರೀ ಎಂಬ ಟ್ರಾಲರು, ಅಂದರೆ ದೊಡ್ಡ ಬಲೆಯನ್ನು ಎಳೆದುಕೊಂಡು ಹೋಗಿ ಮೀನು ಹಿಡಿಯುವ ಹಡಗು, ಮುಳುಗಿರುತ್ತದೆ. 1969ನೇ ಇಸವಿಯ ಮಾರ್ಚ್ ತಿಂಗಳಲ್ಲಿ ಅದು ಬಂಡೆಗೆ ತಗಲಿತು. ಅದರಲ್ಲಿದ್ದವರೆಲ್ಲರೂ ರಕ್ಷಿಸಲ್ಪಟ್ಟರು, ಎಳೆದು ತರುವಾಗ ಹಡಗು ಮಾತ್ರ ಮುಳುಗಿತು. ಈಗ ಅದು ಸುಮಾರು 40 ಮೀಟರು ಆಳದಲ್ಲಿ ಮಗ್ಗುಲಾಗಿ ಮಲಗಿದೆ.

ಗಾಳಿ ತುಂಬಿದ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಂಡು ಮುಳುಗುವವರು ಅದನ್ನು ನೋಡಲು ಹೋಗುತ್ತಾರೆ. ಅಲ್ಲಿಯ ನೀರು ಬೇಸಿಗೆಯಲ್ಲಿಯೂ ಕೊರೆಯುವಂಥದು. ಆದಕಾರಣ ನೀರು ಒಳಗೆ ಬಾರದ ಉಡುಪು ಬೇಕು. ಉಬ್ಬರವಿಳಿತಗಳ ನಡುವೆ ಪ್ರವಾಹವು ತಗ್ಗಿರುವ ಸ್ವಲ್ಪ ಹೊತ್ತಿನಲ್ಲಿಯೇ ಇಳಿಯಬೇಕು. ಆ ಆಳದಲ್ಲಿ ಒತ್ತಡವು ಮೇಲಿನದಕ್ಕಿಂತ ಐದರಷ್ಟಾಗುವದರಿಂದ ಒಂದು ಉಸಿರಿಗೆ ಐದು ಉಸಿರಿನ ಗಾಳಿ ತೀರುವದು. ಮೇಲೆ ಬರುವದೂ ಮೆಲ್ಲಗೆ; ಅವಸರಪಟ್ಟರೆ ದೇಹದಲ್ಲಿ ಕರಗಿದ ನೈಟ್ರೋಜನ್ ವಾಯುವು ಗುಳ್ಳೆಗಳಾಗಿ ಪ್ರಾಣಕ್ಕೇ ಅಪಾಯ. ಇಷ್ಟು ಕಷ್ಟಪಟ್ಟವನು ಅಲ್ಲಿ ಒಂದು ಹಿತ್ತಾಳೆಯ ಚೂರನ್ನು ಕಂಡು, ಇದು ನನ್ನ ಶ್ರಮದ ಕೂಲಿ ಎಂದರೆ ಏನು ಹೇಳೋಣ?

ಬ್ರಿಟನ್ನಿನ ಕಾಯಿದೆಯು ಒಪ್ಪುವದಿಲ್ಲ. 1995ರ ಕಾಯಿದೆಯ ಪ್ರಕಾರ ಮುಳುಗಿದ ಹಡಗಿನಿಂದ ತಂದದ್ದನ್ನು 28 ದಿನಗಳೊಳಗೆ ಅದಕ್ಕಾಗಿ ನೇಮಿಸಲ್ಪಟ್ಟ ಅಧಿಕಾರಿಗೆ ತಿಳಿಸಬೇಕು. ತನ್ನದೆಂದು ಕೇಳುವದಕ್ಕೆ ಧಣಿಗೆ ಒಂದು ವರುಷದ ಅವಕಾಶವುಂಟು. ಶ್ರಮಕ್ಕೆ ಕೂಲಿಯೂ ಉಂಟು. ಆದರೆ ಅದನ್ನು ಅವನೇ ಅಳೆದುಕೊಳ್ಳಕೂಡದು.

ಹೇಗೂ ತುಕ್ಕು ತಿನ್ನುವದಲ್ಲವೇ ಎಂಬ ವಾದವು ಹಗುರವಾದದ್ದಲ್ಲ. ತುಕ್ಕು ತಿನ್ನುವದು ನಿಜವೇ. ಆದರೆ ಮುದುಕನೊಬ್ಬನ ಕುಸಿಯುವ ಮನೆಯ ತೊಲೆಯನ್ನು ನೆರೆಯವನು ಹೊತ್ತುಕೊಂಡು ಹೋಗಿ, ಹೇಗೂ ಗೆದ್ದಲು ತಿನ್ನುತ್ತಿತ್ತು ಎಂದರೆ ಊರು ಒಪ್ಪುವದೋ?

ಅದೇ ಸ್ಕಾಪಾ ಫ್ಲೋದಲ್ಲಿ 1939ನೇ ಅಕ್ಟೋಬರ್ 14ರಂದು 800ಕ್ಕಿಂತ ಹೆಚ್ಚು ಜನರೊಂದಿಗೆ ಮುಳುಗಿದ ರಾಯಲ್ ಓಕ್ ಎಂಬ ಯುದ್ಧನೌಕೆಯಿದೆ. ಅದು ಸತ್ತವರ ಸಮಾಧಿಯಾದದರಿಂದ ಅಪ್ಪಣೆಯಿಲ್ಲದೆ ಯಾರೂ ಅಲ್ಲಿ ಇಳಿಯಕೂಡದು. ಅಲ್ಲಿ ಕೈ ಹಿಂದೆಗೆಯುವದು ಸುಲಭ. ಜೇಮ್ಸ್ ಬ್ಯಾರೀಯಲ್ಲಿ ಸತ್ತವರಿಲ್ಲ, ಕಾವಲಿಲ್ಲ, ಜೊತೆಗಾರನ ದೀಪವೂ ಬೇರೆ ಕಡೆಗೆ ತಿರುಗಿರಬಹುದು. ಅಲ್ಲಿ ಮುಟ್ಟದೆ ಬರುವವನ ನಿಗ್ರಹವನ್ನೇ ನಾವು ಹೆಚ್ಚೆಂದು ಎಣಿಸುತ್ತೇವೆ. ಅವನ ತರುವಾಯ ಇಳಿಯುವವನಿಗೆ ಆ ಹಿತ್ತಾಳೆಯು ಇದ್ದ ಸ್ಥಳದಲ್ಲಿಯೇ ಕಾಣುವದು.