ಶಾಲೆಯ ಅಂಕಗಳು ಯಾರವು?

ಒಂದು ಊರಿನ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮಕ್ಕಳು ಪರೀಕ್ಷೆಯಲ್ಲಿ ಹಿಂದೆ ಬಿದ್ದರೆಂಬ ಸುದ್ದಿ ಬಂದಾಗ ಜನರು ಕೂಡಲೇ ಒಬ್ಬರನ್ನು ದೂರಲಿಕ್ಕೆ ಹುಡುಕುತ್ತಾರೆ. ಉಪಾಧ್ಯಾಯರು ಸೋಮಾರಿಗಳೆಂದು ಕೆಲವರು ಅನ್ನುತ್ತಾರೆ. ಕೂಲಿನಾಲಿ ಮಾಡುವವರ ಮಕ್ಕಳಿಗೆ ವಿದ್ಯೆ ಎಲ್ಲಿಂದ ಬಂದೀತೆಂದು ಬೇರೆ ಕೆಲವರು ಅನ್ನುತ್ತಾರೆ. ಮೊದಲನೆಯ ಮಾತು ಅನೇಕ ಸಾರಿ ಅನ್ಯಾಯವಾದದ್ದು, ಎರಡನೆಯದು ಯಾವಾಗಲೂ ಕ್ರೂರವಾದದ್ದು. ಆದರೂ ಇವೆರಡರ ಹಿಂದೆ ನಿಜವಾದ ಒಂದು ಪ್ರಶ್ನೆ ಉಂಟು. ಅಂಕಗಳು ಅಳೆಯುವದು ಯಾರನ್ನು? ಶಾಲೆಯನ್ನೋ, ಮಗುವನ್ನೋ, ಮಗು ಹುಟ್ಟಿದ ಮನೆಯನ್ನೋ?

೨೦೨೪ನೆಯ ಇಸವಿಯ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಉಡುಪಿ ಜಿಲ್ಲೆಯವರಲ್ಲಿ ನೂರಕ್ಕೆ ೯೪ ಮಂದಿ ತೇರ್ಗಡೆಯಾದರು. ಯಾದಗಿರಿ ಜಿಲ್ಲೆಯವರಲ್ಲಿ ನೂರಕ್ಕೆ ೫೧ ಮಂದಿಯೂ ತುಂಬಲಿಲ್ಲ. ಇದು ಹತ್ತನೆಯ ತರಗತಿಯ ಲೆಕ್ಕವಾದರೂ ಅದರ ಅಸ್ತಿವಾರ ಬಿದ್ದದ್ದು ಐದು, ಆರು, ಏಳನೆಯ ತರಗತಿಗಳಲ್ಲಿಯೇ. ಈಗ ೨೦೧೧ರ ಜನಗಣತಿಯನ್ನು ತೆರೆದು ನೋಡಿರಿ. ಓದುಬರಹ ಬಲ್ಲವರು ಉಡುಪಿಯಲ್ಲಿ ನೂರಕ್ಕೆ ಸುಮಾರು ೮೬, ಯಾದಗಿರಿಯಲ್ಲಿ ಸುಮಾರು ೫೨. ಹೀಗಿರಲಾಗಿ ಒಂದೇ ಪ್ರಶ್ನೆಪತ್ರಿಕೆಯ ಮುಂದೆ ಕೂತ ಆ ಮಕ್ಕಳು ಒಂದೇ ಸ್ಥಳದಿಂದ ಹೊರಟು ಬಂದವರಲ್ಲ. ಒಬ್ಬಳ ತಾಯಿ ಸಾಯಂಕಾಲ ಪಾಠ ಒಪ್ಪಿಸಿಕೊಳ್ಳುವಳು. ಇನ್ನೊಬ್ಬಳ ತಾಯಿ ಹತ್ತಿ ಬಿಡಿಸಿ ಬಂದು ಒಲೆ ಹಚ್ಚುವಳು, ಇಲ್ಲವೆ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುವಾಗ ಮಗುವನ್ನೂ ಸಂಗಡ ಕರಕೊಂಡು ಹೋಗುವಳು.

ಈ ವಿಷಯವನ್ನು ಅತಿ ದೊಡ್ಡ ಪ್ರಮಾಣದಲ್ಲಿ ಶೋಧಿಸಿದ್ದು ಅಮೇರಿಕ ದೇಶದಲ್ಲಿ. ಅಲ್ಲಿಯ ೧೯೬೪ನೆಯ ನಾಗರಿಕ ಹಕ್ಕುಗಳ ಕಾಯಿದೆಯ ಪ್ರಕಾರ ಜೇಮ್ಸ್ ಕೋಲ್ಮನ್ ಎಂಬ ವಿದ್ವಾಂಸರೂ ಅವರ ಜೊತೆಯವರೂ ಸುಮಾರು ನಾಲ್ಕು ಸಾವಿರ ಶಾಲೆಗಳನ್ನೂ ಆರು ಲಕ್ಷದಷ್ಟು ಮಕ್ಕಳನ್ನೂ ವಿಚಾರಿಸಿ ೧೯೬೬ರಲ್ಲಿ ವರದಿ ಒಪ್ಪಿಸಿದರು. ಕರಿಯ ಜನರ ಮಕ್ಕಳು ಹಿಂದೆ ಬೀಳುವದಕ್ಕೆ ಅವರ ಶಾಲೆಗಳ ಕಟ್ಟಡ, ಪುಸ್ತಕ, ಉಪಕರಣಗಳ ಕೊರತೆಯೇ ಮುಖ್ಯ ಕಾರಣವೆಂದು ಕಂಡುಬರುವದೆಂದು ಬಹು ಜನರು ನಿರೀಕ್ಷಿಸಿದ್ದರು. ಆದರೆ ಕಟ್ಟಡಕ್ಕಿಂತಲೂ ಮನೆಯ ಸ್ಥಿತಿಗೂ, ಪಕ್ಕದಲ್ಲಿ ಕೂತು ಓದುವ ಜೊತೆಗಾರರು ಎಂಥ ಮನೆಗಳಿಂದ ಬಂದವರೆಂಬದಕ್ಕೂ ಅಂಕಗಳೊಂದಿಗೆ ಹೆಚ್ಚು ಸಂಬಂಧ ಕಂಡುಬಂತು.

ಹಾಗಾದರೆ ಶಾಲೆಗೆ ಹಣ ಹಾಕುವದು ವ್ಯರ್ಥವೆಂದು ಕೆಲವರು ತೀರ್ಮಾನಿಸಿದರು. ಇದು ವರದಿಯ ಅರ್ಧವನ್ನು ಓದಿ ಪುಸ್ತಕ ಮುಚ್ಚಿದವರ ಮಾತು. ಒಳ್ಳೇ ಉಪಾಧ್ಯಾಯರಿಂದಾಗುವ ವ್ಯತ್ಯಾಸವು ಅನುಕೂಲಸ್ಥರ ಮಕ್ಕಳಿಗಿಂತ ಹಿಂದುಳಿದವರ ಮಕ್ಕಳಲ್ಲಿ ಹೆಚ್ಚಾಗಿತ್ತೆಂದು ಅದೇ ವರದಿ ಹೇಳುತ್ತದೆ. ಇದರಲ್ಲಿ ಆಶ್ಚರ್ಯವೇನು? ಮನೆಯಲ್ಲಿ ದೀಪವೂ ಪುಸ್ತಕವೂ ಇದ್ದ ಹುಡುಗನಿಗೆ ಶಾಲೆ ಕೆಟ್ಟರೂ ಮತ್ತೊಂದು ಆಸರೆ ಉಂಟು. ಇಲ್ಲದವನಿಗೆ ಶಾಲೆಯೊಂದೇ ಆಸರೆ.

ಆದಕಾರಣ ಕಾರಣವನ್ನು ತಿಳಿಯುವದು ಬೇರೆ, ಮಗುವಿನ ಮೇಲೆ ತೀರ್ಪು ಬರೆಯುವದು ಬೇರೆ. ಉಪಾಧ್ಯಾಯನ ಕೆಲಸವನ್ನು ತೂಗುವಾಗ ಮಗು ಎಲ್ಲಿಂದ ಎಲ್ಲಿಯ ವರೆಗೆ ಬಂತೆಂದು ಕೇಳುವದೇ ನ್ಯಾಯ. ಆರೋಗ್ಯವಂತರನ್ನೇ ಆರಿಸಿ ಸೇರಿಸಿಕೊಳ್ಳುವ ವೈದ್ಯನಿಗೆ ಒಳ್ಳೇ ಹೆಸರು ಬರುವದು ಸುಲಭವಷ್ಟೆ. ಆದರೆ ಮಗುವಿನ ವಿಷಯದಲ್ಲಿ ಈ ಅಳತೆ ಸಾಲದು. ಏಳನೆಯ ತರಗತಿಯ ಹುಡುಗನು ಮೂರನೆಯ ತರಗತಿಯ ಪಾಠವನ್ನು ಓದಲು ಕಲಿತನೆಂದು ನಾವು ತೃಪ್ತರಾದರೆ ಅವನಿಗೆ ಮೋಸ ಮಾಡಿದಂತೆಯೇ. ಮುಂದೆ ಕೆಲಸ ಕೊಡುವವನು, ನೀನು ಎಲ್ಲಿಂದ ಹೊರಟೆ ಎಂದು ಕೇಳುವದಿಲ್ಲ.

ಶಾಲೆಯಲ್ಲಿ ಯಾರು ಕೂತಿರಬೇಕೆಂಬ ಪ್ರಶ್ನೆ ನಮ್ಮ ನಾಡಿನಲ್ಲಿ ಹಳೇದು. ೧೮೫೬ರಲ್ಲಿ ಧಾರವಾಡದ ಸರಕಾರಿ ಶಾಲೆಗೆ ಸೇರಬೇಕೆಂದು ಮಹಾರ ಜಾತಿಯ ಒಬ್ಬ ಬಾಲಕನು ಅರ್ಜಿ ಮಾಡಿಕೊಂಡನು. ಇವನೊಬ್ಬನನ್ನು ಸೇರಿಸಿದರೆ ಮಿಕ್ಕವರು ಬಿಟ್ಟುಹೋಗಿ ಶಾಲೆಯೇ ನಿರುಪಯೋಗವಾದೀತೆಂದು ಹೇಳಿ ಮುಂಬಯಿ ಸರಕಾರವು ಅವನನ್ನು ಸೇರಿಸಲಿಲ್ಲ. ಸರಕಾರದ ವಿದ್ಯಾಸಂಸ್ಥೆಗಳು ಎಲ್ಲಾ ವರ್ಗದವರಿಗೂ ತೆರೆದಿರತಕ್ಕವೆಂದು ಕಂಪನಿಯ ನಿರ್ದೇಶಕರು ೧೮೫೮ರಲ್ಲಿ ತಿಳಿಸಿದರು. ಆ ಮಾತು ಕಾಗದದಿಂದ ಜಗಲಿಗೆ ಇಳಿದು ಬರಲು ಎಷ್ಟೋ ವರ್ಷಗಳು ಹಿಡಿದವು.

ಈಗ ಯಾರನ್ನೂ ಬಾಗಿಲಲ್ಲಿ ತಡೆಯುವ ಅಧಿಕಾರ ಯಾರಿಗೂ ಇಲ್ಲ. ಆದರೆ ಬಿಟ್ಟುಹೋಗುವವರು ಹೋಗುತ್ತಲೇ ಇದ್ದಾರೆ. ನಾಲ್ಕು ಕಾಸು ಕೂಡಿದ ತಂದೆಯು ಆಡನ್ನಾದರೂ ಮಾರಿ ಮಗನನ್ನು ಪೇಟೆಯ ಇಂಗ್ಲಿಷ್ ಶಾಲೆಯ ವ್ಯಾನಿಗೆ ಹತ್ತಿಸುತ್ತಾನೆ. ಅವನನ್ನು ತಪ್ಪಿತಸ್ಥನೆಂದು ಹೇಳಲು ನನಗೆ ಮನಸ್ಸು ಬಾರದು. ತನ್ನ ಮಗನ ಹಿತವನ್ನು ಅವನು ನೋಡದೆ ಮತ್ತಾರು ನೋಡಬೇಕು? ಆದರೆ ಜೊತೆಗಾರರ ವಿಷಯವಾಗಿ ಕೋಲ್ಮನ್ನರ ವರದಿ ಹೇಳಿದ್ದು ನಿಜವಾದರೆ, ಅವನ ಮಗನ ಸಂಗಡ ಹಿಂದೆ ಉಳಿದವರ ಅಂಕಗಳಲ್ಲಿಯೂ ಒಂದು ಪಾಲು ಆ ವ್ಯಾನನ್ನು ಹತ್ತಿ ಹೋಗುತ್ತದೆ. ಪ್ರತಿಯೊಬ್ಬನೂ ತನ್ನ ಮಗುವಿಗೆ ಸರಿಯಾದದ್ದನ್ನೇ ಮಾಡಿ ಎಲ್ಲರೂ ಕೂಡಿ ಶಾಲೆಯನ್ನು ಬರಿದುಮಾಡಬಹುದು.

ಇನ್ನೊಂದು ನಷ್ಟವೂ ಉಂಟು. ನಮ್ಮ ರಾಜ್ಯದ ಸರಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇರುತ್ತದೆ. ಉಪಾಧ್ಯಾಯರು ಬಂದರೋ, ಬಿಸಿಯೂಟ ಸರಿಯಾಗಿದೆಯೋ, ಹಣ ಎಲ್ಲಿ ಹೋಯಿತೋ ಎಂದು ವಿಚಾರಿಸತಕ್ಕವರು ಅವರೇ. ಅದರಲ್ಲಿ ಪಾಲಕರ ಸ್ಥಾನಗಳು ಆ ಶಾಲೆಯಲ್ಲಿ ಓದುವ ಮಕ್ಕಳ ತಂದೆತಾಯಿಗಳಿಗೆ ಸೇರಿದವು. ಮಗನನ್ನು ಬಿಡಿಸಿಕೊಂಡ ದಿವಸವೇ ಪ್ರಶ್ನೆ ಕೇಳಬಲ್ಲ ಆ ತಂದೆಗೆ ಅಲ್ಲಿ ಕೂತುಕೊಳ್ಳುವ ಹಕ್ಕು ಹೋಗುತ್ತದೆ. ಲೆಕ್ಕದ ಪುಸ್ತಕವು ಅದನ್ನು ಓದಲಾರದವರ ಮುಂದೆ ರುಜುವಿಗೆ ಬರುತ್ತದೆ.