ಒಂಟಿಯಾಗಿ ಹೋಗುವ ಹಕ್ಕು ಯಾರದು?

ಸೈಕಲ್ ಹತ್ತಿ ಒಬ್ಬನೇ ಹೊರಟು, ನದಿ ದಂಡೆ, ಕಾಲುವೆ ದಂಡೆ ಹಿಡಿದು ನೂರಾರು ಮೈಲಿ ಹೋಗುವುದನ್ನು ಜನ ಸ್ವಾತಂತ್ರ್ಯ ಅಂತಾರೆ. ಹಿಂದೆ ಯಾರೂ ಇಲ್ಲ, ಮುಂದೆ ಯಾರೂ ಇಲ್ಲ. ಪಕ್ಕದಲ್ಲಿ ನೀರು, ಕೆಳಗೆ ಎರಡು ಚಕ್ರ. ಕೇಳೋದಕ್ಕೆ ಚೆನ್ನಾಗಿದೆ. ನಾವೂ ಇದನ್ನು ಬೇಡ ಅನ್ನುವವರಲ್ಲ. ಆದರೆ ನಮ್ಮದೊಂದು ಪ್ರಶ್ನೆ ಇದೆ. ಹೀಗೆ ಒಂಟಿಯಾಗಿ ಹೋಗಲು ಯಾರಿಗೆ ಸಾಧ್ಯ? ಆ ಸಾಧ್ಯತೆಯನ್ನು ಅವನಿಗೆ ಮಾಡಿಕೊಟ್ಟವರು ಯಾರು?

ಫ್ರಾನ್ಸ್ ದೇಶದ ದಕ್ಷಿಣದಲ್ಲಿ ಕನಾಲ್ ದ್ಯು ಮಿದಿ ಅಂತ ಒಂದು ಕಾಲುವೆ ಇದೆ. ತುಲೂಸ್ ಪಟ್ಟಣದಿಂದ ಮೆಡಿಟರೇನಿಯನ್ ಸಮುದ್ರದ ಕಡೆಗೆ ಸುಮಾರು 240 ಕಿಲೋಮೀಟರ್. 1681ರಲ್ಲಿ ದೋಣಿ ಓಡಾಟಕ್ಕೆ ತೆರೆಯಿತು. ಈಗ ಅದರ ದಂಡೆಯ ಮೇಲೆ ಸೈಕಲ್ ಪ್ರವಾಸಿಗರು ಹೋಗುತ್ತಾರೆ. ಆದರೆ ಆ ದಂಡೆ ಹಾಕಿದ್ದು ಪ್ರವಾಸಕ್ಕಲ್ಲ. ದೋಣಿಗೆ ಹಗ್ಗ ಕಟ್ಟಿ ಕುದುರೆಗಳಿಂದ ಎಳೆಸಲು ಮಾಡಿದ ದಾರಿ ಅದು. ಮಣ್ಣು ತೋಡಿದವರು ಸಾವಿರಾರು ಕೂಲಿಗಳು, ಅವರಲ್ಲಿ ಹೆಂಗಸರೂ ಇದ್ದರು. ಹೆಸರು ಉಳಿದದ್ದು ಕೆಲಸ ವಹಿಸಿಕೊಂಡ ರಿಕೇ ಎಂಬ ಧಣಿಯದು. ಒಬ್ಬನೇ ಹೋಗುತ್ತಿದ್ದೇನೆ ಅಂದುಕೊಂಡವನ ಚಕ್ರದ ಕೆಳಗೆ ಸಾವಿರಾರು ಜನರ ಬೆವರಿದೆ. ಇದು ಮೊದಲ ಮಾತು.

ಈಗ ನಮ್ಮ ಕಾಲುವೆಗೆ ಬರೋಣ. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಶುರುವಾಗಿ, 1953ರಲ್ಲಿ ನೀರು ಹರಿಯಿತು. ಸುಮಾರು 90 ಹಳ್ಳಿಗಳು ಮುಳುಗಿದವು. ಎಡದಂಡೆ ಮುಖ್ಯ ಕಾಲುವೆ ಮುನಿರಾಬಾದಿನಿಂದ ರಾಯಚೂರಿನ ಕಡೆಗೆ ಸುಮಾರು 227 ಕಿಲೋಮೀಟರ್ ಹೋಗುತ್ತದೆ. ಸೈಕಲ್ಲಿನಲ್ಲಿ ಮೂರು ನಾಲ್ಕು ದಿನದ ಹಾದಿ. ಮುನಿರಾಬಾದಿನಿಂದ ಹೊರಟವನಿಗೆ ಮೊದಲು ಕಾಣುವುದು ತುಂಬಿದ ಕಾಲುವೆ. ಗಂಗಾವತಿ, ಕಾರಟಗಿ, ಸಿಂಧನೂರಿನ ಕಡೆ ಕಣ್ಣು ಹಾಯುವಷ್ಟೂ ಭತ್ತ, ಅಕ್ಕಿ ಗಿರಣಿ, ಕ್ಯಾಂಪುಗಳು. ಮುಂದೆ ಮಾನ್ವಿ, ಸಿರವಾರ ದಾಟಿ ರಾಯಚೂರಿನ ಕಡೆ ಹೋದಂತೆ ನೀರು ಇಳಿಯುತ್ತದೆ. ಟೇಲೆಂಡಿನಲ್ಲಿ ರೈತ ಕಾಲುವೆಯ ಒಣ ಹೊಟ್ಟೆ ನೋಡುತ್ತಾ ಕೂತಿರುತ್ತಾನೆ.

ಈ ಯೋಜನೆ ಮಾಡಿದ್ದು ಮುಖ್ಯವಾಗಿ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗೆ. ನೀರು ತೆಳ್ಳಗೆ ಹರಡಿ ಬಹಳ ಜನರಿಗೆ ಮುಟ್ಟಲಿ ಅಂತ. ಆದದ್ದೇ ಬೇರೆ. ಮೇಲಿದ್ದವರು ಭತ್ತ ಹಾಕಿದರು, ಕೆಳಗಿದ್ದವರು ಬಾಯಿ ಬಿಟ್ಟರು. ಹೂಳು ತುಂಬಿ, ಮೊದಲು ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಸುಮಾರು 105ಕ್ಕೆ ಇಳಿದ ಮೇಲೆ ಕೆಳಗಿನವರ ಪಾಡು ಇನ್ನೂ ಬಿಗಿಯಾಯಿತು. ಇನ್ನು ತುಂಡು ನೆಲವೂ ಇಲ್ಲದವರಿಗೆ ಹೆಡ್ಡೂ ಇಲ್ಲ, ಟೇಲೂ ಇಲ್ಲ. ಅವರು ನಾಟಿಗೆ ಬಗ್ಗುವವರು, ಕೊಯ್ಲಿಗೆ ಬಗ್ಗುವವರು.

ನದಿಗೂ ಕಾಲುವೆಗೂ ಇರುವ ವ್ಯತ್ಯಾಸ ಇಲ್ಲೇ ಇದೆ. ನದಿ ನೋಡಿ ದೈವೇಚ್ಛೆ ಅಂದುಬಿಡಬಹುದು. ಕಾಲುವೆ ನೋಡಿ ಹಾಗನ್ನಲು ಬರುವುದಿಲ್ಲ. ಕಾಲುವೆಗೆ ನಕ್ಷೆ ಇದೆ, ಗೇಟಿದೆ, ಗೇಟಿಗೆ ಬೀಗ ಇದೆ, ಬೀಗದ ಕೈ ಒಬ್ಬನ ಸೊಂಟದಲ್ಲಿದೆ. ಪುರೋಹಿತರು ಜಾತಿಯನ್ನು ನಮಗೆ ಹೇಳಿಕೊಟ್ಟಿದ್ದು ನದಿಯ ಹಾಗೆ: ಯಾರೂ ಮಾಡಿದ್ದಲ್ಲ, ಹೀಗೇ ಹುಟ್ಟಿ ಬಂತು ಅಂತ. ನಾವು ಹೇಳುವುದು, ಜಾತಿ ಕಾಲುವೆ. ಮನುಷ್ಯರು ತೋಡಿದ್ದು, ಮನುಷ್ಯರೇ ಗೇಟು ಇಟ್ಟದ್ದು. ಆದ್ದರಿಂದ ಮನುಷ್ಯರೇ ಬದಲಿಸಬಹುದಾದದ್ದು. ಹಳೇ ಮೈಸೂರಿನ ಕೆರೆಗಳಲ್ಲಿ ತೂಬು ಎತ್ತಿ ಗದ್ದೆ ಗದ್ದೆಗೆ ನೀರು ಹಂಚುತ್ತಿದ್ದ ನೀರಗಂಟಿ ಬಹುಮಟ್ಟಿಗೆ ದಲಿತನೇ. ನೆಲ ಇಲ್ಲದವನು ಪಕ್ಷಪಾತ ಮಾಡಲಾರ ಎಂಬ ನಂಬಿಕೆ ಊರಿಗೆ. ಊರಿಗೆಲ್ಲ ನೀರು ಹಂಚಿದ ಆ ಕೈ ಊರ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಚೈನು ಕಡಿದು ಕೊಚ್ಚಿಹೋಯಿತು. ಎಂಜಿನಿಯರುಗಳು ಓಡಿ ಬಂದರು, ಮಂತ್ರಿಗಳು ಬಂದರು, ಹರಿಯುವ ನೀರಿನಲ್ಲೇ ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಇಳಿಸಿದರು. ಒಳ್ಳೆಯ ಕೆಲಸ. ಇದೇ ಕಾಲುವೆ ಹಾಯುವ ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಬಿತ್ತು. ಕ್ಷೌರದಂಗಡಿ, ಹೋಟೆಲಿನ ಬಾಗಿಲು ದಲಿತರಿಗೆ ಮುಚ್ಚಿದ್ದು ಅದರ ಹಿನ್ನೆಲೆ. ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿದ್ದು 2024ರ ಅಕ್ಟೋಬರಿನಲ್ಲಿ. ಹತ್ತು ವರ್ಷ ಹಿಡಿಯಿತು. ಮುಂದಿನ ತಿಂಗಳೇ ಹೈಕೋರ್ಟಿನಿಂದ ಬಹುಪಾಲು ಜನರಿಗೆ ಜಾಮೀನೂ ಸಿಕ್ಕಿತು. ಕಬ್ಬಿಣದ ಗೇಟಿಗೆ ಒಂದು ವಾರ, ಮನಸ್ಸಿನ ಗೇಟಿಗೆ ಎಷ್ಟು ಕಾಲ?

ಈಗ ಸೈಕಲ್ ಸವಾರನ ಬಾಯಾರಿಕೆಗೆ ಬರೋಣ. ಬಿಸಿಲಲ್ಲಿ ತುಳಿದವನು ಯಾವುದೋ ಊರಲ್ಲಿ ನಿಲ್ಲುತ್ತಾನೆ, ‘ಅವ್ವಾ, ಒಂದೀಟು ನೀರು ಕೊಡ್ತೀರಾ’ ಅಂತಾನೆ. ಮೊದಲು ಬರುವುದು ನೀರಲ್ಲ, ‘ಯಾವೂರಾಯ್ತು?’ ಆಮೇಲೆ ‘ಯಾರ ಪೈಕಿ?’ ಮೇಲ್ಜಾತಿಯವನಿಗೆ ಇದು ಕುಶಲ ಪ್ರಶ್ನೆ. ನಮಗೆ ಇದು ಚೆಕ್‌ಪೋಸ್ಟು. 1901ರಲ್ಲಿ ಒಂಬತ್ತು ವರ್ಷದ ಅಂಬೇಡ್ಕರ್ ತಂದೆಯನ್ನು ನೋಡಲು ಹೊರಟು, ಮಸೂರು ಸ್ಟೇಷನ್ನಿನಲ್ಲಿ ಇಳಿದರು. ಜೊತೆಗಿದ್ದವರೂ ಮಕ್ಕಳೇ. ಜಾತಿ ತಿಳಿದದ್ದೇ ಸ್ಟೇಷನ್ ಮಾಸ್ತರರ ಮುಖ ಬದಲಾಯಿತು. ಗಾಡಿಗೆ ಎರಡು ಪಟ್ಟು ಬಾಡಿಗೆ ಕೊಟ್ಟು ತಾವೇ ಹೊಡೆದುಕೊಂಡು ಹೋಗಬೇಕಾಯಿತು. ಬುತ್ತಿ ತುಂಬ ಊಟ ಇತ್ತು, ಕುಡಿಯಲು ನೀರಿಲ್ಲದೆ ಹಸಿದು ಮಲಗಿದರು. 1929ರಲ್ಲಿ ಅವರು ಬ್ಯಾರಿಸ್ಟರು. ಚಾಳಿಸಗಾಂವಿನಲ್ಲಿ ಟಾಂಗಾದವರು ಅವರನ್ನು ಕೂರಿಸಿಕೊಂಡು ಗಾಡಿ ಹೊಡೆಯಲು ಒಪ್ಪಲಿಲ್ಲ. ಗಾಡಿ ಹೊಡೆದು ಗೊತ್ತಿಲ್ಲದ ನಮ್ಮವನೇ ಲಗಾಮು ಹಿಡಿದ. ನದಿಯ ಸೇತುವೆ ಮೇಲೆ ಚಕ್ರ ಸಿಕ್ಕಿಕೊಂಡು ಅಂಬೇಡ್ಕರ್ ಕೆಳಗೆ ಬಿದ್ದರು, ಕಾಲು ಮುರಿಯಿತು. ಇವನ್ನೆಲ್ಲ ಅವರೇ ಬರೆದಿಟ್ಟಿದ್ದಾರೆ. ಆ ಬರಹದ ಹೆಸರು ‘ವೇಟಿಂಗ್ ಫಾರ್ ಎ ವೀಸಾ’. ಸ್ವಂತ ದೇಶದಲ್ಲಿ ಪಯಣ ಮಾಡಲು ವೀಸಾ ಕಾಯುವವನ ಕಥೆ.

ಅದೆಲ್ಲ ಹಳೇ ಕಾಲ ಅನ್ನುವವರಿಗೆ 2022ರ ನವೆಂಬರ್ ನೆನಪಿಸುತ್ತೇವೆ. ಚಾಮರಾಜನಗರ ಜಿಲ್ಲೆಯ ಹೆಗ್ಗೊಠಾರಕ್ಕೆ ಮದುವೆಗೆ ಬಂದ ದಲಿತ ಹೆಣ್ಣುಮಗಳೊಬ್ಬಳು ಬೀದಿಯ ತೊಂಬೆಯ ನಲ್ಲಿಯಲ್ಲಿ ನೀರು ಕುಡಿದಳು. ತೊಂಬೆ ಖಾಲಿ ಮಾಡಿ ಗಂಜಲ ಹಾಕಿ ತೊಳೆದರು. ಅವಳು ಮಾಡಿದ್ದು ಇಷ್ಟೇ: ಪರಊರಿಗೆ ಬಂದಳು, ಬಾಯಾರಿತು.

ಸೈಕಲ್ಲಿಗೂ ಜಾತಿಯ ಕಟ್ಟಳೆ ಇತ್ತು. ಮೇಲ್ಜಾತಿಯ ಬೀದಿ ಬಂದರೆ ಇಳಿದು ತಳ್ಳಿಕೊಂಡು ಹೋಗು ಎಂಬ ಹೇರಿಕೆಯನ್ನು ದಕ್ಷಿಣದ ಎಷ್ಟೋ ಹಳ್ಳಿಗಳು ಕಂಡಿವೆ. ಸೀಟಿನ ಮೇಲೆ ಕೂತವನ ತಲೆ ಜಗುಲಿಯ ಮೇಲೆ ಕೂತವನ ತಲೆಗೆ ಸಮ ಬರುತ್ತದಲ್ಲ, ಅದೇ ಕೋಪ. ಅದಕ್ಕೇ ಸೈಕಲ್ ನಮಗೆ ಬರೀ ಗಾಡಿಯಲ್ಲ. ತಮಿಳುನಾಡಿನ ಪುದುಕೋಟೆಯಲ್ಲಿ 1990ರ ದಶಕದ ಆರಂಭದ ಸಾಕ್ಷರತಾ ಆಂದೋಲನದಲ್ಲಿ ಸಾವಿರಾರು ಬಡ ಹೆಂಗಸರು ಅಕ್ಷರದ ಜೊತೆ ಸೈಕಲ್ಲನ್ನೂ ಕಲಿತರು. ಗಂಡನನ್ನೋ ಬಸ್ಸನ್ನೋ ಕಾಯದೆ ಹೊರಟರು.

ಕೆಲವು ಗೆಳೆಯರು ಕೇಳುತ್ತಾರೆ: ಹೊಟ್ಟೆಗಿಲ್ಲದ ಜನಕ್ಕೆ ಪ್ರವಾಸದ ಮಾತೇಕೆ, ಇದು ಉಳ್ಳವರ ಶೋಕಿಯಲ್ಲವೇ? ಮಾತಿನಲ್ಲಿ ಅರ್ಧ ನಿಜ ಇದೆ. 2020ರ ಲಾಕ್‌ಡೌನಿನಲ್ಲಿ ಹದಿನೈದರ ಹುಡುಗಿಯೊಬ್ಬಳು ಗಾಯಾಳು ತಂದೆಯನ್ನು ಹಿಂದೆ ಕೂರಿಸಿಕೊಂಡು ಗುರುಗ್ರಾಮದಿಂದ ಬಿಹಾರದ ದರ್ಭಂಗಾಕ್ಕೆ ಸುಮಾರು 1,200 ಕಿಲೋಮೀಟರ್ ಸೈಕಲ್ ತುಳಿದಳು. ಆಗ ದೊಡ್ಡವರು ಅದನ್ನು ಸಾಹಸ ಅಂತ ಹೊಗಳಿದರು. ಕ್ರೀಡಾ ತರಬೇತಿಗೆ ಕರೆದರು. ಬಸ್ಸು ರೈಲು ಇಲ್ಲದೆ, ಕೂಲಿ ಇಲ್ಲದೆ ತುಳಿದದ್ದು ಸಾಹಸವಲ್ಲ, ಅದು ವ್ಯವಸ್ಥೆಯ ದ್ರೋಹ. ಬಡವನ ದೂರ ಹಸಿವು ಹೇರಿದ ದೂರ. ಉಳ್ಳವನ ದೂರ ಅವನೇ ಆರಿಸಿಕೊಂಡ ದೂರ. ಆದರೆ ಉಳಿದರ್ಧ ಕೇಳಿ. ಬಡವನಿಗೆ ಅನ್ನ ಸಾಕು, ನದಿ ನೋಡುವ ಬಿಡುವು ಬೇಡ ಅಂದರೆ ನಾವೂ ಧಣಿಯ ಮಾತನ್ನೇ ಆಡಿದ ಹಾಗಾಯಿತು. ಕೆಲಸವಿಲ್ಲದೆಯೂ ದಾರಿಯಲ್ಲಿರುವ ಹಕ್ಕು ಮನುಷ್ಯನಾಗಿರುವ ಹಕ್ಕೇ.

ಆ ಹಕ್ಕು ಬರುವುದು ಹೇಗೆ? ಸಾರ್ವಜನಿಕ ಕೆರೆ ಬಾವಿ ಎಲ್ಲರಿಗೂ ಎಂದು ಬೊಂಬಾಯಿಯ ಶಾಸನ ಪರಿಷತ್ತು 1923ರಲ್ಲೇ ನಿರ್ಣಯ ಮಾಡಿತ್ತು. ಮರುವರ್ಷ ಮಹಾಡ್ ಪುರಸಭೆಯೂ ಒಪ್ಪಿತ್ತು. ಕಾಗದದ ಮೇಲೆ ಚವದಾರ್ ಕೆರೆ ನಮ್ಮದಾಗಿತ್ತು. ಕೆರೆಗಿಳಿದು ಬೊಗಸೆ ನೀರು ಕುಡಿಯಲು 1927ರ ಮಾರ್ಚ್ 20ರಂದು ಅಂಬೇಡ್ಕರರ ಜೊತೆ ಸಾವಿರಾರು ಜನ ನಡೆಯಬೇಕಾಯಿತು, ಏಟು ತಿನ್ನಬೇಕಾಯಿತು. ಹೈಕೋರ್ಟು ನಮ್ಮ ಕಡೆ ತೀರ್ಪು ಕೊಟ್ಟದ್ದು 1937ರಲ್ಲಿ. ಒಬ್ಬ ಒಂಟಿಯಾಗಿ ಹೋಗಿ ನೀರು ಕುಡಿದು ಬರಲಿ ಅಂತ ಸಾವಿರ ಜನ ಒಟ್ಟಿಗೆ ಹೋದರು. ಒಂಟಿತನ ಸಂಘಟನೆಗೆ ವಿರೋಧ ಅಲ್ಲ, ಅದು ಸಂಘಟನೆಯ ಫಲ.

ಹಳ್ಳಿ ಮೇಷ್ಟ್ರಿಗೆ, ಹಾಸ್ಟೆಲ್ಲಿನ ಹುಡುಗ ಹುಡುಗಿಯರಿಗೆ ನಮ್ಮ ಮಾತು ಇಷ್ಟೆ. ಹೋಗಿ. ಹೆಡ್ಡಿನಿಂದಲ್ಲ, ಟೇಲಿನಿಂದ ಹೊರಡಿ. ಒಣಗಿದ ಕಡೆಯಿಂದ ತುಂಬಿದ ಕಡೆಗೆ ತುಳಿಯಿರಿ. ನೀರು ಎಲ್ಲಿ ನಿಂತಿತು, ಯಾಕೆ ನಿಂತಿತು ಅಂತ ಕಣ್ಣಿಗೇ ಕಾಣುತ್ತದೆ. ಪ್ರತಿ ತೂಬಿನ ಹತ್ತಿರ ನಿಂತು ಕೀಲಿ ಯಾರ ಕೈಲಿದೆ ಕೇಳಿ. ಮೊದಲು ಕೇರಿಯಲ್ಲಿ ನೀರು ಕುಡಿಯಿರಿ, ಆಮೇಲೆ ಊರಲ್ಲಿ ಕೇಳಿ. ಏನಾಯಿತು ಅಂತ ಬರೆದಿಡಿ.

ಒಂದು ದಿನ ನಮ್ಮ ಕೇರಿಯ ಹುಡುಗಿಯೊಬ್ಬಳು ಮುಸ್ಸಂಜೆಯಲ್ಲಿ ಗುರುತಿಲ್ಲದ ಊರಲ್ಲಿ ಸೈಕಲ್ ನಿಲ್ಲಿಸಿ ನೀರು ಕೇಳಬೇಕು. ಕೊಟ್ಟವರು ‘ಇನ್ನೂ ಎಷ್ಟು ದೂರ ಹೋಗ್ಬೇಕವ್ವಾ?’ ಅಂತ ಮಾತ್ರ ಕೇಳಬೇಕು. ಅಲ್ಲೀತನಕ ನಾವು ಒಟ್ಟಿಗೇ ಹೋಗುತ್ತೇವೆ.